ಶುಂಠಿ ಬಿಯರು ಹುಮನಾಬಾದಿಗೆ ಹೊರಟದ್ದು

ನಾನು ಮಾಡಿದ ಶುಂಠಿ ಬಿಯರು ಕುಡಿದರೆ ತಲೆ ತಿರುಗುತ್ತದೋ ಇಲ್ಲವೋ ಎಂಬುದನ್ನು ಮೊಟ್ಟಮೊದಲು ತೀರ್ಮಾನಿಸಿದ್ದು ಒಂದು ಸೂಜಿ. ಬಸವಕಲ್ಯಾಣದ ನಮ್ಮ ಮನೆಯ ಪಡಸಾಲೆಯಲ್ಲಿ ಅತ್ತೆಯವರು ಕಾಲು ಚಾಚಿ ಕೂತು ದೊಡ್ಡ ಲೋಟದ ತುಂಬ ಕುಡಿದರು. ಗಟ್ಟಿಯಾಗಿ ತೇಗಿದರು. ಇನ್ನೊಂದು ಲೋಟ ಹಾಕಿಸಿಕೊಂಡರು. ಆಮೇಲೆ ಸೂಜಿ ದಾರ ತಾ ಎಂದರು. ನಾನು ಕೈಗೆ ಸಿಕ್ಕ ಕೌದಿ ಹೊಲಿಯುವ ಸೂಜಿ ಕೊಟ್ಟರೆ ಅದನ್ನು ಪಕ್ಕಕ್ಕಿಟ್ಟು, ಇದರ ಕಣ್ಣಿನಲ್ಲಿ ಎಮ್ಮೆ ನುಗ್ಗೀತು, ಗುಂಡಿ ಹಚ್ಚುವ ಸೂಜಿ ತಾ ಎಂದು ಗದರಿದರು. ಎಪ್ಪತ್ತು ದಾಟಿದ ಕಣ್ಣು. ದಾರದ ತುದಿಯನ್ನು ನಾಲಿಗೆಗೆ ಸವರಿ, ಸೂಜಿಯನ್ನು ಬೆಳಕಿಗೆ ಹಿಡಿದು, ಒಂದೇ ಸಲಕ್ಕೆ ಪೋಣಿಸಿಬಿಟ್ಟರು.

"ಇದು ಸೆರೆ ಅಲ್ಲ," ಎಂದರು. "ಮಾಡ್ಕೋ."

ನನಗೆ ಆ ಕ್ಷಣ ಆದ ಸಂತೋಷಕ್ಕೆ ಎದ್ದು ಕುಣಿಯುವುದೊಂದು ಬಾಕಿ ಇತ್ತು. ಏಕೆಂದರೆ ಅತ್ತೆಯವರು ದಿನವೂ ಲಿಂಗಪೂಜೆ ಮಾಡದೆ ಬಾಯಿಗೆ ಹನಿ ನೀರು ಹಾಕದವರು. ಅವರ ಮನೆಯಲ್ಲಿ ಬಿಯರು ಎಂಬ ಹೆಸರು ಹೊತ್ತ ಪದಾರ್ಥವನ್ನು ಅಡುಗೆಮನೆಯ ಮೂಲೆಯಲ್ಲಿ ಕಾಯಿಸಿ, ಸೋಸಿ, ಹುಳಿ ಬರಿಸುತ್ತಿದ್ದ ಸೊಸೆ ನಾನು. ಹೆಸರನ್ನು ಮುಚ್ಚಿಟ್ಟು ಶುಂಠಿ ನೀರು ಎನ್ನುತ್ತಿದ್ದೆ. ಆದರೆ ಜಾಡಿಯ ಬುರುಗು ಮುಚ್ಚಿಡಲಾಗುತ್ತದೆಯೇ? ಒಂದು ಮಧ್ಯಾಹ್ನ ಅದು ಬುಸ್ ಎಂದದ್ದು ಪೂಜೆಯ ಕೋಣೆಗೆ ಕೇಳಿಸಿತು. ಅತ್ತೆ ಬಂದು ಮುಚ್ಚಳ ತೆಗೆದು ಮೂಸಿ ನೋಡಿದರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಸೂಜಿಯ ಪರೀಕ್ಷೆ ನಡೆದದ್ದು ಆಗ. ದಾರ ಹೋದ ಮೇಲೆ ಅವರಿಗೆ ಹೆಸರಿನ ಭಯವೂ ಹೋಯಿತು. ಓಣಿಯ ಹೆಂಗಸರಿಗೆ ತಾವೇ ನಮ್ಮ ಶುಂಠಿ ಬಿಯರು ಎಂದು ಹೇಳತೊಡಗಿದರು. ಕೇಳಿದವರು ಸೆರಗು ಬಾಯಿಗೆ ಇಟ್ಟುಕೊಂಡರೆ, ಸೂಜಿಯ ಕಥೆ ಮೊದಲಿನಿಂದ ಶುರುವಾಗುತ್ತಿತ್ತು.

ಇದಕ್ಕೆಲ್ಲ ಮೂಲ ನನ್ನ ತವರು ಘಾಟಬೋರಾಳ. ಶುಂಠಿಗೆ ಬೆಲೆ ಬಿದ್ದ ವರ್ಷ ಅಪ್ಪ ಒಂದು ಚೀಲ ಹಸಿ ಶುಂಠಿಯನ್ನು ಮಗಳ ಮನೆಗೆ ಎಂದು ಟೆಂಪೋದಲ್ಲಿ ಹಾಕಿ ಕಳಿಸಿದ್ದ. ಚಹಾಕ್ಕೆ ಹಾಕಿದೆ, ಚಟ್ನಿ ಅರೆದೆ, ಒಣಗಿಸಿದೆ, ಕೆಮ್ಮಿಲ್ಲದವರಿಗೂ ಕಷಾಯ ಕುಡಿಸಿದೆ. ಚೀಲ ಮಾತ್ರ ಕರಗಲಿಲ್ಲ. ಒಂದು ದಿನ ಮೊಬೈಲಿನಲ್ಲಿ ಯಾವುದೋ ದೇಶದ ಗಡ್ಡದ ಮನುಷ್ಯನೊಬ್ಬ ಗಾಜಿನ ಜಾಡಿಯಲ್ಲಿ ಶುಂಠಿ ಸಕ್ಕರೆ ನೀರು ಹಾಕಿ ದಿನವೂ ಒಂದೊಂದು ಚಮಚ ಉಣಿಸುತ್ತಿದ್ದುದನ್ನು ನೋಡಿದೆ. ಅವನ ಭಾಷೆ ನನಗೆ ಅರ್ಧಂಬರ್ಧ ತಿಳಿಯಿತು. ಆದರೆ ವಿಷಯ ಪೂರ್ತಿ ತಿಳಿಯಿತು, ಮೊಸರಿಗೆ ಹೆಪ್ಪು ಇರುವಂತೆ ಇದಕ್ಕೂ ಒಂದು ಹೆಪ್ಪು. ಇಷ್ಟೇ ಅಲ್ಲವೇ ಎನಿಸಿತು. ಅವನ ಸಕ್ಕರೆಯ ಬದಲು ನಾನು ಹಳ್ಳಿಖೇಡದ ಕಡೆಯ ಗಾಣದ ಬೆಲ್ಲ ಹಾಕಿದೆ. ಬಣ್ಣ ಬಂತು, ಘಮ ಬಂತು, ಒಂದು ಗುಟುಕಿಗೆ ಮೂಗಿನಲ್ಲಿ ಕಚಗುಳಿ ಬಂತು.

ಮಾಡುವ ಕ್ರಮ ಕಷ್ಟದ್ದಲ್ಲ. ಶುಂಠಿ ಜಜ್ಜಿ ಬೆಲ್ಲದೊಂದಿಗೆ ಕುದಿಸಿ, ಆರಿಸಿ, ನಿಂಬೆ ಹಿಂಡಿ, ಹೆಪ್ಪು ಕೂಡಿಸಿ ಇಡಬೇಕು. ಹದ ಬಂದ ಮೇಲೆ ಸೋಸಿ, ಬಾಟಲಿಗೆ ತುಂಬಿ, ಪ್ರತಿ ಬಾಟಲಿಗೆ ಒಂದೇ ಒಂದು ಚಮಚ ಬೆಲ್ಲದ ಪಾಕ ಹಾಕಿ ಬಿಗಿಯಾಗಿ ಮುಚ್ಚಬೇಕು. ಆ ಒಂದು ಚಮಚ ತಿಂದೇ ಅದು ಒಳಗೆ ಗುಳ್ಳೆ ಕಟ್ಟುವುದು. ಚಮಚ ಕಡಿಮೆಯಾದರೆ ಸಪ್ಪೆ ಪಾನಕ. ಹೆಚ್ಚಾದರೆ ಮುಚ್ಚಳ ಆಕಾಶಕ್ಕೆ. ಗುಳ್ಳೆ ಕಟ್ಟಿತೋ, ತಡಮಾಡದೆ ಫ್ರಿಜ್ಜಿಗೆ ಸೇರಿಸಬೇಕು.

ಬಾಟಲಿಯದೇ ದೊಡ್ಡ ಪಂಚಾಯಿತಿ. ಆ ಒತ್ತಡ ತಡೆಯುವ ದಪ್ಪ ಗಾಜು ಬೇಕೆಂದರೆ ನಮ್ಮೂರಲ್ಲಿ ಸಿಗುವುದು ಗುಜರಿ ಅಂಗಡಿಯ ಕಂದು ಬಣ್ಣದ ಬಿಯರ್ ಬಾಟಲಿ. ಊರಿಗೆಲ್ಲ ಪರಿಚಯವಿರುವ ಗೊಬ್ಬರದ ಅಂಗಡಿಯವರ ಹೆಂಡತಿ ಹಗಲು ಹೊತ್ತಿನಲ್ಲಿ ಗುಜರಿಯವನ ಮುಂದೆ ನಿಂತು ಖಾಲಿ ಬಾಟಲಿ ಆರಿಸುತ್ತಿದ್ದರೆ ಜನ ಏನೆಂದಾರು? ಏನೂ ಅನ್ನಲಿಲ್ಲ. ನನ್ನ ಗಂಡನನ್ನು ಒಂದು ಥರಾ ನೋಡಿದರು, ಅಷ್ಟೇ. ಪಾಪ, ಅಡಿಕೆ ಹೋಳನ್ನೂ ಬಾಯಿಗೆ ಹಾಕದ ಮನುಷ್ಯ ಕೆಲವು ವಾರ ಆ ನೋಟ ಸಹಿಸಿಕೊಂಡರು.

ಮಾರಬೇಕೆಂಬ ಹುಚ್ಚು ಹಿಡಿದದ್ದು ಬೇಸಿಗೆಯಲ್ಲಿ. ಪರವಾನಿಗೆಗೆ ಅರ್ಜಿ ಹಾಕಿದೆ. ಒಂದು ಬಾಟಲಿ ಪ್ರಯೋಗಾಲಯಕ್ಕೆ ಹೋಯಿತು. ಮತ್ತೇರಿಸುವಂಥದ್ದು ಇದರಲ್ಲಿಲ್ಲ ಎಂಬ ವರದಿ ಬಂದಾಗ ನಾನು ಕುಣಿದಾಡುತ್ತಾ ಓದಿ ಹೇಳಿದರೆ, ಅತ್ತೆ ಸೂಜಿ ಇದನ್ನು ಎಂದೋ ಹೇಳಿತ್ತು ಎಂದು ಮುಖ ತಿರುಗಿಸಿದರು. ಗಂಡ ಮಾತ್ರ ಎಲ್ಲದಕ್ಕೂ ನೋಡೋಣ ಎನ್ನುವ ಜಾತಿ. ಮನೆಗೆ ಹೊಂದಿಕೊಂಡೇ ಇರುವ ಅಂಗಡಿಯ ಹಿಂದಿನ ಕೋಣೆಯನ್ನು ನನಗೆ ಬಿಟ್ಟುಕೊಟ್ಟಿದ್ದರು. ಆದರೆ ಗಡುವು ಹಾಕಿ.

"ಮಿರಗಿನ ಮಳಿ ಬರೂದ್ರೊಳಗ ನಿನಗೊಂದು ಖಾಯಂ ಗಿರಾಕಿ ಸಿಕ್ರ ಕೋಣಿ ನಿಂದು," ಎಂದರು. "ಇಲ್ಲಂದ್ರ ಗೊಬ್ಬರದ ಚೀಲ ಇಡಾಕ ನನಗ ಜಾಗಾ ಬೇಕು."

ನ್ಯಾಯವೇ. ಮೃಗಶಿರ ಮಳೆಯ ಬಿತ್ತನೆಗೆ ಮುಂಚೆ ಗೊಬ್ಬರದ ಲಾರಿ ಬಂದರೆ ಆ ಕೋಣೆ ಅವರಿಗೂ ಸಾಲದು. ಆದರೆ ನನಗೆ ಬೇರೆ ಜಾಗವಿರಲಿಲ್ಲ. ಆ ಕೋಣೆ ಹೋದರೆ ನನ್ನ ವ್ಯಾಪಾರ ಮತ್ತೆ ಅಡುಗೆಮನೆಯ ಮೂಲೆಯ ಒಂದು ಜಾಡಿ, ನೆಂಟರು ಬಂದಾಗ ತೋರಿಸುವ ಒಂದು ತಮಾಷೆ. ಅದನ್ನು ನೆನೆದರೆ ನನಗೆ ಅಳುವೇ ಬರುತ್ತಿತ್ತು. ಜೀವನದಲ್ಲಿ ಮೊದಲ ಬಾರಿಗೆ ಯಾರನ್ನೂ ಕೇಳದೆ ಶುರುಮಾಡಿದ ಕೆಲಸ ಅದು.

ಮಾರುವ ಮುಂಚೆ ಹಂಚಬೇಕು ಎಂದು ಅತ್ತೆ ಹಟ ಹಿಡಿದರು. ಕಾಯಕದ ಮೊದಲ ಫಲ ದಾಸೋಹಕ್ಕೆ. ಹಾಗಾಗಿ ಓಣಿಯ ಮನೆಮನೆಗೂ ಬಾಟಲಿ ಹೋಯಿತು. ಬಾಟಲಿ ಮಾತ್ರ ವಾಪಸು ಕೊಡಿ ಎಂದು ಹೇಳಿ ಕಳಿಸಿದ್ದೆ. ನಮ್ಮ ಕಡೆ ಒಬ್ಬರ ಮನೆಯ ಪಾತ್ರೆಯನ್ನು ಖಾಲಿ ಹಿಂದಿರುಗಿಸುವುದಿಲ್ಲ. ಸಾರು ಕೊಟ್ಟ ಬಟ್ಟಲು ಮರಳುವಾಗ ಅದರಲ್ಲಿ ಹಿಡಿ ಸಕ್ಕರೆಯೋ ಬೆಲ್ಲದ ಚೂರೋ ಇರುತ್ತದೆ. ಖಾಲಿ ಬಂತೆಂದರೆ ಇನ್ನು ಸಾಕು ಎಂದು ಅರ್ಥ. ಎಂದೋ ಒಬ್ಬಾಕೆ ಅತ್ತೆಯ ಬಟ್ಟಲನ್ನು ಖಾಲಿ ಕಳಿಸಿದ್ದಕ್ಕೆ ಇಂದಿಗೂ ಆ ಮನೆಗೆ ನಮ್ಮ ಮನೆಯ ಹೋಳಿಗೆ ಹೋಗುವುದಿಲ್ಲ. ಆದರೆ ಈ ಪದ್ಧತಿ ಬಿಯರ್ ಬಾಟಲಿಗೂ ಲಾಗೂ ಆಗುತ್ತದೆ ಎಂದು ನನಗೆ ಹೊಳೆದಿರಲಿಲ್ಲ. ಹೆಂಗಸರು ಬಾಟಲಿಯನ್ನು ಚೆನ್ನಾಗಿ ತೊಳೆದು, ಒಣಗಿಸಿ, ಕಾಗದದ ಕೊಳವೆ ಮಾಡಿ ಆ ಸಣ್ಣ ಕುತ್ತಿಗೆಯೊಳಗೆ ಸಕ್ಕರೆ ಸುರಿದು, ಬಾಯಿಗೆ ಕಾಗದ ತುರುಕಿ ತಂದುಕೊಟ್ಟರು. ಅತ್ತೆಯ ಮೇಲಿನ ಗೌರವಕ್ಕೆ ಧಾರಾಳವಾಗಿಯೇ ಸುರಿದಿದ್ದರು. ನಾನು ನಗುತ್ತಾ ಅದನ್ನೆಲ್ಲ ಡಬ್ಬಿಗೆ ಬಗ್ಗಿಸಿಕೊಂಡು ಬಾಟಲಿ ತೊಳೆದಿಡುತ್ತಿದ್ದೆ. ಆ ತಿಂಗಳು ಚಹಾಕ್ಕೆ ಸಕ್ಕರೆ ತರಲಿಲ್ಲ.

ಅಷ್ಟರಲ್ಲಿ ಗಿರಾಕಿ ತಾನಾಗಿ ಬಂದ. ಹುಮನಾಬಾದ ಹೆದ್ದಾರಿಯ ಮೇಲೆ ಖಾನಾವಳಿ ನಡೆಸುವವರು, ತೊಗರಿ ಬೀಜ ಒಯ್ಯಲು ನಮ್ಮ ಅಂಗಡಿಗೆ ಬಂದವರು, ಬಿಸಿಲಿಗೆ ಬಾಯಾರಿ ಒಂದು ಬಾಟಲಿ ಕುಡಿದು ಬಾಟಲಿಯನ್ನೇ ತಿರುಗಿಸಿ ತಿರುಗಿಸಿ ನೋಡಿದರು. ಎರಡು ಕ್ರೇಟು ತಂದು ಕೊಡಿ, ಲಾರಿಯವರು ಬಸ್ಸಿನವರು ಕುಡಿಯಲಿ, ಜನಕ್ಕೆ ಹಿಡಿಸಿದರೆ ವಾರವಾರ ತರಿಸಿಕೊಳ್ಳುತ್ತೇನೆ ಎಂದರು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿದರಂತೆ. ನಾನು ಕುಲಾವಿಯಲ್ಲ, ಕೂಸಿನ ಮದುವೆಯನ್ನೇ ಮಾಡಿ ಮುಗಿಸಿದೆ. ಹೈದರಾಬಾದಿನಿಂದ ಸೋಲಾಪುರದವರೆಗೆ ಹೆದ್ದಾರಿಯ ಉದ್ದಕ್ಕೂ ನನ್ನ ಬಾಟಲಿಗಳೇ ಕಾಣಿಸತೊಡಗಿದವು.

ಶುಂಠಿ ಸಾಲದೆಂದು ನಾನು ಘಾಟಬೋರಾಳಕ್ಕೆ ಹೋಗಬೇಕಾಯಿತು. ಓಣಿಯಿಂದ ಇನ್ನೂ ಬಾಟಲಿಗಳು ಮರಳಿ ಬರುತ್ತಿದ್ದವು. ಅವನ್ನು ತೊಳೆದಿಡುವ ಕೆಲಸ ತಮಗಿರಲಿ ಎಂದು ಅತ್ತೆಯೇ ಬಾಯಿಬಿಟ್ಟು ಕೇಳಿದರು. ನನ್ನ ಕಣ್ಣು ತುಂಬಿ ಬಂತು. ಬಂದು ನೋಡಿದರೆ ಹಿಂದಿನ ಕೋಣೆಯಲ್ಲಿ ಬಾಟಲಿಗಳು ಲಕಲಕ ಹೊಳೆಯುತ್ತಾ ಸಾಲಾಗಿ ನಿಂತಿದ್ದವು. ಕಂದು ಗಾಜು, ಮಂದ ಬೆಳಕು, ನನ್ನ ಅವಸರ. ಆಲಿಕೆ ಇಟ್ಟು ತುಂಬಿದೆ, ಒಂದೊಂದೇ ಚಮಚ ಪಾಕ ಹಾಕಿದೆ, ಮುಚ್ಚಳ ಒತ್ತಿದೆ.

ಹೊರಡುವ ಬೆಳಿಗ್ಗೆ ಕ್ರೇಟುಗಳಿಗೆ ಒದ್ದೆ ಗೋಣಿತಟ್ಟು ಸುತ್ತಿ ಬಸ್ಸಿನ ಹಿಂದಿನ ಸೀಟಿನ ಕೆಳಗೆ ಇಡಿಸಿದೆ. ಕಂಡಕ್ಟರ್ ಏನಿದು ಎಂದರೆ ಶುಂಠಿ ಪಾನಕ ಎಂದೆ. ಬಸ್ಸು ಬಂಗ್ಲಾ ಎಂಬ ಕೂಡುರಸ್ತೆಯ ಹತ್ತಿರ ಹೆದ್ದಾರಿಗೆ ತಿರುಗಿ ವೇಗ ಹಿಡಿದಿತ್ತು. ಬಿಸಿಲು ಏರಿತ್ತು. ಢಬ್ ಎಂದಿತು. ಚಾಲಕ ಬಸ್ಸನ್ನು ಬದಿಗೆ ನಿಲ್ಲಿಸಿ ಟೈರು ಒಡೆಯಿತೆಂದು ಇಳಿದ. ಕಂಡಕ್ಟರ್ ಇಳಿದ. ಅರ್ಧ ಬಸ್ಸು ಇಳಿಯಿತು. ಎಲ್ಲರೂ ಒಂದೊಂದು ಟೈರನ್ನು ಒದ್ದು ನೋಡಿದರು. ಯಾವುದೂ ಒಡೆದಿರಲಿಲ್ಲ. ನಾನು ಕಿಟಕಿಯಿಂದ ಹೊಲಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದೆ. ಎಲ್ಲರೂ ಹತ್ತಿದರು, ಬಸ್ಸು ಹೊರಟಿತು, ಮತ್ತೆ ಢಬ್. ಮತ್ತೆ ಇಳಿದರು. ಈ ಬಾರಿ ಚಾಲಕ ಬಸ್ಸಿನ ಕೆಳಗೇ ತೂರಿದ. ಅವನು ಕೆಳಗಿರುವಾಗಲೇ ಮೂರನೆಯದು ಹಾರಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನಾನು ಯಾರೂ ಏನೂ ಕೇಳದೆಯೇ ಎರಡೂ ಕಾಲಿನಿಂದ ಗೋಣಿತಟ್ಟನ್ನು ಒತ್ತಿ ಹಿಡಿದಿದ್ದೆ. ಆ ಹೊತ್ತಿಗೆ ಬಸ್ಸಿನ ನೆಲದ ಮೇಲೆ ಬುರುಗಿನ ಸಣ್ಣ ಹಳ್ಳವೊಂದು ನಿಧಾನವಾಗಿ ಚಾಲಕನ ಸೀಟಿನ ಕಡೆ ಹರಿಯುತ್ತಿತ್ತು.

"ಬಾಯಾರ," ಎಂದ ಕಂಡಕ್ಟರ್, ಬಹಳ ಮೆತ್ತಗೆ, "ನಿಮ್ಮ ಪಾನಕ ಭಾಳ ಮಾತಾಡಾಕತ್ತದ ನೋಡ್ರಿ."

ಬಸ್ಸಿಗೆ ಬಸ್ಸೇ ನಕ್ಕಿತು. ನಾನೂ ನಕ್ಕೆ, ನಗು ತಡೆಯಲಾಗದೆ ಪಕ್ಕದಲ್ಲಿದ್ದ ಅಪರಿಚಿತ ಅಜ್ಜಿಯ ಹೆಗಲಿಗೆ ಒರಗಿದೆ. ಆದರೆ ಒಂದು ಚಮಚ ಪಾಕಕ್ಕೆ ಇಷ್ಟು ಆರ್ಭಟ ಸಾಧ್ಯವಿರಲಿಲ್ಲ.

ಖಾನಾವಳಿಯಲ್ಲಿ ಊಟದ ಹೊತ್ತು. ಮೇಜುಗಳೆಲ್ಲ ತುಂಬಿದ್ದವು. ಗಲ್ಲಾದ ಪಕ್ಕ ಹಗ್ಗದ ಮಂಚದ ಮೇಲೆ ಮಾಲೀಕರ ತಾಯಿ, ನಮ್ಮ ಅತ್ತೆಯದೇ ವಯಸ್ಸಿನವರು, ಅಕ್ಕಿ ಆರಿಸುತ್ತಾ ಕೂತಿದ್ದರು. ಉಳಿದ ಬಾಟಲಿಗಳನ್ನು ಬರ್ಫದ ನೀರಿನಲ್ಲಿ ಇಡೋಣ, ತಣ್ಣಗಾದರೆ ಸಿಟ್ಟು ಇಳಿದೀತು ಎಂದು ನಾನು ಬೇಡಿಕೊಂಡೆ. ಮಾಲೀಕರಿಗೆ ತಾಳ್ಮೆಯಿರಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಮೇಜುಗಳ ನಡುವೆ ನಿಂತು, ಎಲ್ಲರೂ ನೋಡಲಿ ಎಂದು ಬಾಟಲಿ ಎತ್ತಿ ಹಿಡಿದು ಮುಚ್ಚಳ ಕಿತ್ತರು.

ಅದು ನೇರ ಮೇಲಕ್ಕೆ ಹೋಯಿತು. ಮೇಲೆ ಫ್ಯಾನು ತಿರುಗುತ್ತಿತ್ತು. ಫ್ಯಾನು ಅದನ್ನು ಯಾರಿಗೂ ಭೇದ ಮಾಡದೆ ಹಂಚಿತು. ರೊಟ್ಟಿಯ ಮೇಲೆ, ಪುಂಡಿಪಲ್ಯದ ಮೇಲೆ, ಲಾರಿ ಚಾಲಕರ ಮೀಸೆಯ ಮೇಲೆ, ಆರಿಸಿಟ್ಟ ಅಕ್ಕಿಯ ಮೇಲೆ. ದಾಸೋಹ ಎಂದರೆ ಅದು. ಆಮೇಲೆ ಮಾಲೀಕರ ತಾಯಿ ಹಲ್ಲಿಲ್ಲದ ಬಾಯಿ ಬಿಟ್ಟು ನಗತೊಡಗಿದರು. ಕೈಗೆ ಸಿಡಿದದ್ದನ್ನು ನೆಕ್ಕಿದರು, ಮತ್ತೆ ನಕ್ಕರು. ಒಬ್ಬ ಲಾರಿ ಚಾಲಕ ಮೀಸೆ ಒರೆಸಿಕೊಂಡು ಬೆರಳು ಚೀಪಿ, ಔರ್ ಏಕ್ ಖೋಲೋ, ಇನ್ನೊಂದು ತೆಗೆಯಿರಿ ಎಂದ. ಮಾಲೀಕರು ಮಾತ್ರ ನಗಲಿಲ್ಲ. ಕಂದು ಚುಕ್ಕೆ ಬಿದ್ದ ಅಂಗಿಯನ್ನು ಎರಡು ಬೆರಳಿನಿಂದ ಹಿಡಿದು ನೋಡಿಕೊಂಡರು.

"ಇಟ್ಟು ಹೋಗ್ರಿ ಅಕ್ಕಾರ," ಎಂದರು. "ನೋಡಿ ಹೇಳ್ತೀನಿ."

ಕನ್ಯೆ ನೋಡಲು ಬಂದವರು ನೋಡಿ ಹೇಳ್ತೀವಿ ಎಂದು ಎದ್ದರೆ ಅದರ ಅರ್ಥ ನಮ್ಮ ಕಡೆ ಎಲ್ಲರಿಗೂ ಗೊತ್ತು. ವಾಪಸು ಬಸ್ಸಿನಲ್ಲಿ ಕೂತಾಗ ನಗು ಬಂತು, ಅಳು ಬಂತು, ಎರಡೂ ಒಟ್ಟಿಗೆ ಬಂದು ಬಿಕ್ಕಳಿಕೆ ಹಿಡಿಯಿತು.

ಮನೆಗೆ ಬಂದವಳೇ ಬಾಟಲಿ ಹೇಗೆ ತೊಳೆದಿರಿ ಎಂದು ಅತ್ತೆಯನ್ನು ಕೇಳಿದೆ.

"ಹೊರಗ ತಿಕ್ಕಿ ತೊಳದು ಬಾಯಾಗಿನ ಕಾಗದ ತಗದಿಟ್ಟೀನಿ," ಎಂದರು ಹೆಮ್ಮೆಯಿಂದ. "ಒಳಗ ಅವ್ರೇ ತೊಳದು ಸಕ್ರಿ ಹಾಕಿ ಕೊಟ್ಟಾರಲ್ಲ. ಕೊಟ್ಟ ಸಕ್ರಿ ಯಾರರೆ ಬಚ್ಚಲಕ್ಕ ಚೆಲ್ತಾರೇನು? ಹ್ಯಾಂಗೂ ನೀ ಬೆಲ್ಲದ ನೀರೇ ಹಾಕಾಕಿ."

ಓಣಿಯವರ ಹಿಡಿ ಸಕ್ಕರೆ, ಮೇಲೆ ನನ್ನ ಒಂದು ಚಮಚ ಪಾಕ. ಹೆಪ್ಪಿಗೆ ಮದುವೆಮನೆಯ ಊಟ ಸಿಕ್ಕಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಬೈಯಲು ಬಾಯಿ ತೆರೆಯುವಷ್ಟರಲ್ಲಿ ಆ ಫ್ಯಾನು ನೆನಪಾಗಿ ನೆಲಕ್ಕೆ ಕುಕ್ಕರಿಸಿ ನಕ್ಕುಬಿಟ್ಟೆ. ಬಸ್ಸಿನದು, ಖಾನಾವಳಿಯದು ಎಲ್ಲ ಹೇಳಿದೆ. ಅತ್ತೆ ನಗಲಿಲ್ಲ. ಆ ರಾತ್ರಿ ಊಟಕ್ಕೆ ಏಳಲಿಲ್ಲ. ನನ್ನ ಸೊಸೆಯ ಮಾಲು ಹುಮನಾಬಾದಿಗೆ ಹೋಗುತ್ತದೆ ಎಂದು ಸೋಮವಾರ ಮಠಕ್ಕೆ ಬಂದವರಿಗೆಲ್ಲ ಹೇಳಿ ಬಂದಿದ್ದರಂತೆ. ನನ್ನ ಕೋಣೆ ನನಗೊಬ್ಬಳಿಗೇ ಬೇಕಾಗಿದೆ ಎಂದುಕೊಂಡಿದ್ದೆನಲ್ಲ, ಎಂಥ ದಡ್ಡಿ ನಾನು.

ಹುಮನಾಬಾದಿನಿಂದ ಫೋನು ಬರಲಿಲ್ಲ. ಮಾಡಲು ನನಗೆ ಧೈರ್ಯವಾಗಲಿಲ್ಲ. ಆಕಾಶದಲ್ಲಿ ಮೋಡ ಕೂಡತೊಡಗಿದವು. ಒಂದು ಬೆಳಿಗ್ಗೆ ಗೊಬ್ಬರದ ಲಾರಿ ಬಂದು ಅಂಗಡಿಯ ಮುಂದೆ ನಿಂತಿತು. ಗಂಡ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಲಿಲ್ಲ. ಅದೇ ಹೊತ್ತಿಗೆ ಬಸವಕಲ್ಯಾಣದ ಕಡೆ ಬರುತ್ತಿದ್ದ ಟೆಂಪೋದವನೊಬ್ಬ ನನ್ನ ಎರಡೂ ಕ್ರೇಟುಗಳನ್ನು ಮನೆಯ ಕಟ್ಟೆಯ ಮೇಲಿಟ್ಟು, ಖಾನಾವಳಿಯವರು ಕೊಟ್ಟರು ಎಂದಷ್ಟೇ ಹೇಳಿ ಹೋದ. ಖಾಲಿ ಬಾಟಲಿಗಳು. ಬಾಯಿಗೆಲ್ಲ ಕಾಗದ. ಒಂದು ಚೀಟಿಯಿಲ್ಲ, ಮಾತಿಲ್ಲ. ಬಾಟಲಿ ವಾಪಸು ಬಂದವು ಎಂದರೆ ಮುಗಿಯಿತಲ್ಲ. ಗಂಡ ಮೊದಲ ಚೀಲವನ್ನು ಬೆನ್ನಿಗೆ ಹಾಕಿಕೊಂಡು ಹಿಂದಿನ ಕೋಣೆಯ ಕಡೆ ನಡೆದರು. ನಾನು ಕಟ್ಟೆಯ ಮೇಲೆ ಕೂತೆ.

ಅತ್ತೆ ಬಂದು ಒಂದು ಬಾಟಲಿ ಎತ್ತಿದರು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಇನ್ನೊಂದನ್ನು ಅಲ್ಲಾಡಿಸಿದರು. ಕಾಗದ ಕಿತ್ತು ಅಂಗೈ ಮೇಲೆ ಬಗ್ಗಿಸಿದರು. ಸಕ್ಕರೆ. ಎಲ್ಲ ಬಾಟಲಿಯಲ್ಲೂ ಸಕ್ಕರೆ.

"ಬ್ಯಾಡ ಅನ್ನೋರು ಖಾಲಿ ಕಳಸ್ತಿದ್ರು," ಎಂದರು. "ಫೋನ್ ಹಚ್ಚು."

ಹಚ್ಚಿದೆ. ಮಾಲೀಕರು ಫೋನೆತ್ತಿದವರೇ ಬಾಟಲಿ ಮುಟ್ಟಿದವೇ, ಮುಂದಿನ ಕ್ರೇಟು ಯಾವಾಗ ಎಂದು ಕೇಳಿದರು. ಲಾರಿಯವರು ದಿನವೂ ಕೇಳುತ್ತಿದ್ದಾರಂತೆ. ನೀವು ಒಂದು ಮಾತೂ ಹೇಳಲಿಲ್ಲವಲ್ಲ ಎಂದೆ.

"ಬ್ಯಾರೆ ಹೇಳೂದು ಏನದ್ರಿ ಅಕ್ಕಾರ?" ಎಂದರು ಅವರು, ನಿಜವಾಗಿಯೂ ಅರ್ಥವಾಗದವರಂತೆ. "ಅವ್ವ ಸಕ್ರಿ ಹಾಕ್ಯಾಳಲ್ಲ."

ನಾನು ಫೋನು ಹಿಡಿದುಕೊಂಡೇ ಅತ್ತೆಯನ್ನು ತಬ್ಬಿಕೊಂಡೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ನಾವು ತಬ್ಬಿಕೊಂಡವರಲ್ಲ. ಅವರು ಸಕ್ಕರೆ ಚೆಲ್ಲದಂತೆ ಒಂದು ಕೈಯನ್ನು ದೂರ ಹಿಡಿದು, ಇನ್ನೊಂದರಿಂದ ನನ್ನ ಬೆನ್ನು ತಟ್ಟಿದರು. ಆಮೇಲೆ ಹಿಂದಿನ ಕೋಣೆಯ ಬಾಗಿಲಲ್ಲಿ ಚೀಲ ಹೊತ್ತು ನಿಂತಿದ್ದ ಮಗನ ಕಡೆ ತಿರುಗಿದರು.

"ಅದನ್ನ ಅಲ್ಲಿ ಇಳಸಬ್ಯಾಡ. ಒಳಗ ಜಾಗಾ ಇಲ್ಲ."

ಗಂಡ ನೋಡೋಣ ಎನ್ನಲಿಲ್ಲ. ಚೀಲವನ್ನು ಹೊತ್ತುಕೊಂಡೇ ತಿರುಗಿ ಅಂಗಡಿಯ ಮುಂಭಾಗಕ್ಕೆ ನಡೆದರು.